ವ್ಲಾದಿಮಿರ್ ಊರಿನ ಅಜ್ಜಿ ಕೇಳಿದ್ದು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮುಖದ ಮೇಲೇ ನಗುತ್ತಿದ್ದವನು ನಾನು. ಮೈಸೂರಿನಲ್ಲಿ ಓದಿ ಡಬ್ಲಿನ್ನಿನ ಸರ್ಕಾರಿ ಆಸ್ಪತ್ರೆ ಸೇರಿದ ಡಾಕ್ಟರು. ರಿಪೋರ್ಟ್ ನೋಡದೆ ಏನನ್ನೂ ನಂಬುವವನಲ್ಲ. ಈಗ ನೀವು ನಗುವ ಸರದಿ, ನಗಿ.

ಮೂರು ವರ್ಷದ ಹಿಂದೆ ನಮ್ಮ ವಾರ್ಡಿನಲ್ಲಿ ರಷ್ಯಾದ ಅಜ್ಜಿಯೊಬ್ಬರಿದ್ದರು. ವ್ಲಾದಿಮಿರ್ ಊರಿನವರು, ಇತಿಹಾಸದ ಟೀಚರಾಗಿದ್ದವರು. ಹೃದಯ ಸೋತು ಎದ್ದು ಕೂರಲೂ ಆಗುತ್ತಿರಲಿಲ್ಲ, ಬಾಯಿ ಮಾತ್ರ ಸೋತಿರಲಿಲ್ಲ. ಮಾಸ್ಕೋ ಇನ್ನೂ ಸಣ್ಣ ಊರಾಗಿದ್ದಾಗ ನಮ್ಮದೇ ರಾಜಧಾನಿ ಎಂದು ಶುರುವಾದರೆ ದಿನಾ ಅದೇ ಕಥೆ. ಮಂಗೋಲರು ಮುತ್ತಿದಾಗ ರಾಜ ಸೈನ್ಯ ಕೂಡಿಸಲು ದೂರ ಹೋಗಿದ್ದ. ರಾಣಿ ಸೊಸೆಯರನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ದೊಡ್ಡ ಚರ್ಚಿನ ಅಟ್ಟ ಹತ್ತಿದಳು. ಕೆಳಗೆ ಬೆಂಕಿಯಿಟ್ಟರು. "ಮೇಲೆ ಹತ್ತಬಾರದಿತ್ತು ಡಾಕ್ಟರ್, ಯಾರಾದರೂ ಮಕ್ಕಳನ್ನು ಇಳಿಸಬೇಕಿತ್ತು" ಎಂದು ನನ್ನ ಕೈ ಹಿಡಿಯುವರು. ಅವರ ಕಿರುಬೆರಳು ಮಡಚುತ್ತಿರಲಿಲ್ಲ, ಕಡ್ಡಿಯ ಹಾಗೆ ಚುಚ್ಚುತ್ತಿತ್ತು. ನನಗೋ ತಲೆ ಚಿಟ್ಟು ಹಿಡಿಯುತ್ತಿತ್ತು.

ಒಂದು ಮಧ್ಯಾಹ್ನ ಅಜ್ಜಿಗೆ ಎಚ್ಚರವಿರಲಿಲ್ಲ, ಉಸಿರೂ ಸರಿಯಿರಲಿಲ್ಲ. ಕೈ ಹಿಡಿದು ನಾಡಿ ನೋಡುತ್ತ ಹತ್ತು ನಿಮಿಷ ಪಕ್ಕದಲ್ಲೇ ಕೂತಿದ್ದೆ. ಥಟ್ಟನೆ ಕಣ್ಣು ಬಿಟ್ಟು ಕೇಳಿದರು: "ಹುಡುಗಿ ಇಳಿದಳಾ?"

ಮತ್ತೆ ಅದೇ ರಾಮಾಯಣ! ರೇಗಿಹೋಯಿತು. "ಇಲ್ಲ, ಯಾರೂ ಇಳಿಯಲಿಲ್ಲ. ಎಂಟುನೂರು ವರ್ಷವಾಯಿತು, ಮಲಗಿ" ಎಂದುಬಿಟ್ಟೆ. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿ ಅತ್ತರು.

ಕಾರಿಡಾರಿಗೆ ಬಂದರೆ ಹೆಂಡತಿಯ ಫೋನು. "ರೀ, ನಮ್ ಬಿಲ್ಡಿಂಗ್‌ಗೆ ಬೆಂಕಿ ಬಿದ್ದಿದೆ. ಪಾಪು ಆಚೆ ಬಂದಿದಾಳೆ, ಏನೂ ಆಗಿಲ್ಲ, ಗ್ರ್ಯಾಂಡ್ ಆಗಿದಾಳೆ. ಗಾಬರಿ ಆಗ್ಬೇಡಿ, ಬನ್ನಿ."

ಸ್ಯಾಂಟ್ರಿಯ ಮನೆಗೆ ಓಡಿದೆ. ಹನ್ನೆರಡು ವರ್ಷದ ಮಗಳು ಸ್ಕೂಲಿನಿಂದ ಬಂದು ಒಬ್ಬಳೇ ಇದ್ದಳು. ನಮ್ಮ ಕಟ್ಟಡದ ಅಲಾರಂ ವಾರಕ್ಕೊಮ್ಮೆ ಸುಮ್ಮನೆ ಕೂಗುತ್ತದೆ, ಯಾರೂ ಕದಲುವುದಿಲ್ಲ. ಈ ಸಲ ಹೊಗೆ ಕಂಡು ಹೆದರಿ, ಮೇಲಿನ ಮಹಡಿಯ ಗೆಳತಿಯ ಮನೆಗೆಂದು ಮೆಟ್ಟಿಲು ಹತ್ತುತ್ತಿದ್ದಳಂತೆ. ಆ ಮನೆಗೆ ಬೀಗ ಹಾಕಿತ್ತು. ಆ ಮಹಡಿ ಪೂರ್ತಿ ಸುಟ್ಟು ಕರಕಲಾಯಿತು. ಮಧ್ಯದಲ್ಲಿ ಯಾರೋ ಅಜ್ಜಿ "ನಾಟ್ ಅಪ್, ಡೌನ್" ಎಂದು ಕೈ ಹಿಡಿದು ಕೆಳಗೆ ಎಳೆದು ತಂದರಂತೆ.

"ಡ್ಯಾಡ್, ಹರ್ ಲಿಟಲ್ ಫಿಂಗರ್ ವಾಸ್ ಸ್ಟಿಫ್" ಎಂದಳು.

ನಮ್ಮ ವಾರ್ಡಿನ ಅಜ್ಜಿಯನ್ನು ಮಗಳು ಕಂಡೇ ಇಲ್ಲ. ಅವರ ವಿಷಯ ನಾನು ಮನೆಯಲ್ಲಿ ಎತ್ತಿದವನೂ ಅಲ್ಲ. ಕಟ್ಟಡದಲ್ಲೆಲ್ಲ ವಿಚಾರಿಸಿದೆ, ಅಂಥ ಮುದುಕಿ ಯಾರೂ ಇಲ್ಲವಂತೆ. ಎಷ್ಟು ಸಲ ಲೆಕ್ಕ ಹಾಕಿದರೂ ಅಷ್ಟೇ: ಆ ಹೊತ್ತಿನಲ್ಲಿ ಆ ಕೈ ನನ್ನ ಕೈಯಲ್ಲೇ ಇತ್ತು.

ಬೆಳಿಗ್ಗೆ ಹೇಳೋಣವೆಂದು ವಾರ್ಡಿಗೆ ಓಡಿದೆ. ಮಂಚ ಖಾಲಿಯಿತ್ತು.

ಇದು ಹೇಗಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಾಳಾಗಲಿ, ಅದು ಬೇಡ. ಅವರು ಕೇಳಿದ್ದು ಒಂದೇ ಪ್ರಶ್ನೆ. ಯಾರೂ ಇಳಿಯಲಿಲ್ಲ ಎಂದು ನಾನು ಹೇಳಿದ್ದನ್ನೇ ನಂಬಿಕೊಂಡು ಹೋಗಿಬಿಟ್ಟರಲ್ಲ!