ಅಕ್ಕನ ಆಲೂಗಡ್ಡೆ

ನಮ್ಮ ಬೀದಿಯ ಕ್ಷೌರಿಕನ ಕತ್ತರಿಗೆ ಒಳ್ಳೆಯ ಹೆಸರಿದೆ, ನಾಲಿಗೆಗೆ ಇನ್ನೂ ಹೆಚ್ಚು. ಬೀಜ-ಗೊಬ್ಬರ ಮಾರುವ ನನ್ನ ತಲೆ ಅವನ ಕೈಗೆ ಸಿಕ್ಕಿದಾಗಲೆಲ್ಲ, "ಸಾಹುಕಾರ್ರೇ, ಇಲ್ಲಿಗೆ ಮಾತ್ರ ನಿಮ್ಮ ಯಾವ ಗೊಬ್ಬರಾನೂ ಹಿಡೀಲಿಲ್ಲ ನೋಡಿ" ಅನ್ನುತ್ತಾನೆ. ಅಂಥವನು ಒಂದು ಸೋಮವಾರ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ತುಟಿಪಿಟಕ್ಕೆನ್ನದೆ ಮುಂದೆ ಒಂದು ಎಲೆ ಇಟ್ಟ. ಅಂಚೆಲ್ಲ ಕಪ್ಪು, ಮಗುಚಿದರೆ ಬಿಳಿ ಬೂಷ್ಟು. ಆಲೂಗಡ್ಡೆಗೆ ಬರುವ ಅಂಗಮಾರಿ ರೋಗ.

ಅವನ ಮನೆ ಹಿತ್ತಲಿನ ನಾಲ್ಕು ಸಾಲು ಆಲೂಗಡ್ಡೆ ಅವನ ಅಕ್ಕನದು. ತಮ್ಮನನ್ನು ಸಾಕಿದ ಆಕೆಯೇ ಮೂವತ್ತು ವರ್ಷ ಮೊಟ್ಟೆಗಾತ್ರದ ಗಡ್ಡೆಗಳನ್ನು ಬೀಜಕ್ಕೆಂದು ಆರಿಸಿಟ್ಟು ಉಳಿಸಿಕೊಂಡ ಕೆಂಪು ಸಿಪ್ಪೆಯ ತಳಿ. ನನ್ನ ಅಂಗಡಿಯಲ್ಲಿಲ್ಲ, ಯಾರ ಅಂಗಡಿಯಲ್ಲೂ ಇಲ್ಲ. ಮಂಡಿನೋವಿನಿಂದ ನಡೆಯಲಾಗದೆ, ಈ ಸಲವಷ್ಟೇ ತಮ್ಮನಿಗೆ ಒಪ್ಪಿಸಿದ್ದಳು.

"ಏನಾದ್ರೂ ಔಷಧಿ ಕೊಡಿ."

"ಔಷಧಿ ಕಾಲ ಮುಗೀತಪ್ಪಾ. ಇವತ್ತೇ ಗಿಡಾನೆಲ್ಲ ನೆಲಮಟ್ಟಕ್ಕೆ ಕತ್ತರಿಸಿ ದೂರ ಸಾಗಿಸು. ಹದಿನೈದು ದಿನ ಬಿಟ್ಟು ಅಗಿ. ಗಡ್ಡೆಯಾದ್ರೂ ಉಳಿದೀತು."

"ಅಕ್ಕ ದಿನವಿಡೀ ಕಿಟಕೀಲೇ ಇರ್ತಾಳೆ. ಹೂಬಿಟ್ಟಿರೋ ಗಿಡ ಕತ್ತರಿಸಿದ್ರೆ ನನ್ನೂ ಅಲ್ಲೇ ಹೂತಾಕ್ತಾಳೆ."

ಹಾಗಾಗಿ ತನಗೆ ಬರುವ ವಿದ್ಯೆಯನ್ನೇ ಮಾಡಿದ. ಚುಕ್ಕೆ ಬಿದ್ದ ಎಲೆಗಳನ್ನಷ್ಟೇ ನಾಜೂಕಾಗಿ ಟ್ರಿಮ್ ಮಾಡಿದ. ಅಂಗಡಿಯಲ್ಲಿ ತಲೆಯಿಂದ ತಲೆಗೆ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಅದ್ದುವ ಮನುಷ್ಯ, ಇಬ್ಬನಿಯಲ್ಲಿ ತೊಯ್ದ ಗಿಡದಿಂದ ಗಿಡಕ್ಕೆ ಅದೇ ಕತ್ತರಿ ಹಿಡಿದು ನಾಲ್ಕು ಸಾಲನ್ನೂ ಸುತ್ತಿದ. ಗುರುವಾರಕ್ಕೆ ಹಿತ್ತಲು ಕುದಿನೀರು ಸುರಿದಂತಾಗಿತ್ತು.

"ಲೋ, ಅದೇನು ಮದುವೆ ಗಂಡಿನ ತಲೆಯೇನೋ, ಸೊಗಸಾಗಿ ಕಟಿಂಗ್ ಮಾಡೋಕೆ?" ಎಂದಳು ಅಕ್ಕ ಕಿಟಕಿಯಿಂದ. ಅದೇ ಕೊನೆ, ಆಮೇಲೆ ಬೈಯಲಿಲ್ಲ. ಬೈಗುಳ ನಿಂತದ್ದೇ ಅವನ ನಿದ್ದೆ ಕೆಡಿಸಿತು.

ಆಗ ಎಲ್ಲವನ್ನೂ ಕತ್ತರಿಸಿ ಹಾಕಿದ. ಹದಿನೈದು ದಿನ ಕಾಯುವ ನಡುವೆ ಎರಡು ಮಳೆ ಬಂದು ರೋಗ ಗಡ್ಡೆಗಿಳಿಯಿತು. ಅಗೆಯುವ ದಿನ ನಾನೂ ಹೋಗಿದ್ದೆ. ಮಣ್ಣಿಗೆ ಕೈ ಹಾಕಿದರೆ ಗಂಜಿಯಂಥ ಕೊಳೆ, ಮೂಗು ಮುಚ್ಚಿದರೂ ಬಿಡದ ನಾತ. ಕತ್ತಲಾಗುವವರೆಗೆ ಬರಿಗೈಯಲ್ಲಿ ಕೆದಕಿ ಕೆದಕಿ ಒಂಬತ್ತು ಗಟ್ಟಿ ಗಡ್ಡೆ ಹೊರತೆಗೆದ. ಒಳಗೆ ಕಂದು ತಿರುಗಿದೆಯೇ ಎಂದು ಹೋಳು ಮಾಡಿ ನೋಡಿದರೆ ಕೊಯ್ದಲ್ಲಿ ಕೊಳೆ ಹತ್ತಿ ಬೀಜವೇ ಹೋಗುತ್ತದೆ. ನೋಡದೆ ನೆಟ್ಟರೆ ರೋಗವನ್ನೇ ನೆಟ್ಟಂತೆ.

"ಇದನ್ನ ನಂಬಬೇಡಮ್ಮಾ, ಹೊಸ ಬೀಜ ಹಾಕೋಣ," ಎಂದೆ.

"ನೀವು ಅಂಗಡಿಯವರು. ಸಾವಿನ ಮನೆಗೂ ತಕ್ಕಡಿ ಹಿಡ್ಕೊಂಡೇ ಬರ್ತೀರಿ," ಎಂದಳು ಅಕ್ಕ. ನಾನು ಹೇಳಿದ್ದು ನಿಜವೇ. ಆದರೆ ನಿಜ ಹೇಳುವಾಗ ವ್ಯಾಪಾರಿಗೆ ಸಾಕ್ಷಿ ಸಿಗುವುದಿಲ್ಲ.

ಆ ಒಂಬತ್ತನ್ನು ಅವನು ಅಂಗಡಿಯ ಕನ್ನಡಿಯ ಕೆಳಗೆ ತಟ್ಟೆಯಲ್ಲಿ ಹರವಿದ್ದಾನೆ. ದಿನಾ ಬೆಳಿಗ್ಗೆ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ, ಮೆತ್ತಗಾದದ್ದನ್ನು ಎಸೆಯುತ್ತಾನೆ. "ಇವಕ್ಕೂ ಶೇವಿಂಗಾ?" ಎಂದು ಗಿರಾಕಿಗಳು ಕೆಣಕಿದರೂ ಒತ್ತುವುದನ್ನು ಬಿಡುವುದಿಲ್ಲ.

ಇವತ್ತು ನಾನು ಹೋದಾಗ ತಟ್ಟೆಯಲ್ಲಿ ನಾಲ್ಕಿದ್ದವು.

"ಬೀಜಕ್ಕೆ ನಾಲ್ಕು ಸಾಕಾಗತ್ತಾ, ಸಾಹುಕಾರ್ರೇ?"

ಮೂಟೆಗಟ್ಟಲೆ ಮಾರುವ ನನಗೆ ನಾಲ್ಕರ ಲೆಕ್ಕ ಏನು ಗೊತ್ತು? "ಧಾರಾಳ," ಎಂದೆ.

ನಂಬಲಿಲ್ಲ. ನನ್ನ ಕೆನ್ನೆಗೆ ಹಚ್ಚಿದ ನೊರೆ ಒಣಗಲು ಬಿಟ್ಟು, ಮತ್ತೆ ತಟ್ಟೆಯತ್ತ ಹೋದ.