ಪಾಮನಕಲ್ಲೂರಿನ ಟೀವಿಯಲ್ಲಿ ನಲವತ್ತು ಸೆಕೆಂಡು

ಮೊದಲು ನಾವು ಮದುವೆಯ ವಿಡಿಯೋಗಳನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೆವು. ಪೆನ್‌ಡ್ರೈವನ್ನು ಲಕೋಟೆಗೆ ಹಾಕಿ, ಮೇಲೆ ಗಿರಾಕಿಯ ಫೋನ್ ನಂಬರು ಬರೆದು, ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರು ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಬರುವುದು. ಆ ಕಡೆ ಅವರು ಬಸ್ಸಿಗಾಗಿ ಕಾದು ಇಸಿದುಕೊಳ್ಳುವುದು. ಹತ್ತು ವರ್ಷ ಹೀಗೇ ನಡೆಯಿತು. ಒಂದು ಸಲ ಒಂದು ಲಕೋಟೆ ಎರಡು ದಿನ ಸಿಗಲಿಲ್ಲ. ಕೊನೆಗೆ ಸಿಕ್ಕಿತು, ಸೀಟಿನ ಕೆಳಗೆ ಬಿದ್ದಿತ್ತಂತೆ. ಆದರೆ ಆ ಎರಡು ದಿನ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅದರಲ್ಲಿದ್ದದ್ದು ಮದುವೆಗೆ ಮುಂಚೆ ಹೆಂಗಸರಷ್ಟೇ ಸೇರಿ ಅರಿಸಿನ ಹಚ್ಚುವ ಹಳದಿ ಕಾರ್ಯದ ವಿಡಿಯೋ. ಆ ಮನೆಯ ಗಂಡಸರೂ ನೋಡಬಾರದೆಂದು ಬಾಗಿಲು ಹಾಕಿಕೊಂಡು ಮಾಡಿಸಿದ್ದು.

ಹೀಗೆ ಬಾಗಿಲು ಹಾಕಿಕೊಂಡು ಮಾಡಿಸುವ ಕೆಲಸಕ್ಕೇ ನನ್ನನ್ನು ಕರೆಯುತ್ತಾರೆ. ಸಿಂಧನೂರಿನಲ್ಲಿರುವ ಸ್ಟುಡಿಯೋ ನನ್ನದೂ ನನ್ನ ಗಂಡನದೂ. ಗಂಡಸರ ಕಡೆ ಅವರು ಕ್ಯಾಮೆರಾ ಹಿಡಿಯುತ್ತಾರೆ, ಹೆಂಗಸರ ಕಡೆ ನಾನು. ನಮ್ಮ ಭಾಗದಲ್ಲಿ ಕ್ಯಾಮೆರಾ ಹಿಡಿಯುವ ಹೆಂಗಸರು ಕಡಿಮೆ. ಹಾಗಾಗಿ ಮಸ್ಕಿಯಿಂದ, ಲಿಂಗಸುಗೂರಿನಿಂದ ಮುಸಲ್ಮಾನರ ಮನೆಯವರು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಅವರ ವಿಡಿಯೋ ಕ್ಲೌಡಿಗೆ ಹಾಕುತ್ತೇನೆಂದರೆ ಒಪ್ಪುವುದಿಲ್ಲ. "ಅದು ಯಾರ ಮನ್ಯಾಗ ಇರತೈತಿ?" ಎಂದು ಒಬ್ಬಾಕೆ ಕೇಳಿದ್ದರು.

ಆ ಲಕೋಟೆ ಕಳೆದು ಸಿಕ್ಕ ಮೇಲೆ ನಾನು ತೀರ್ಮಾನಿಸಿದೆ, ಫೈಲುಗಳು ನಮ್ಮ ಮನೆಯಲ್ಲೇ ಇರಬೇಕು. ನಮ್ಮದೇ ಒಂದು ಸರ್ವರ್ ಕೂರಿಸಬೇಕು. ಗಿರಾಕಿಗಳಿಗೆ ಒಂದು ಲಿಂಕು, ಒಂದು ಪಾಸ್‌ವರ್ಡು ಕೊಟ್ಟರೆ ಅವರು ತಮ್ಮ ಮನೆಯಲ್ಲಿ ಕೂತು ನಮ್ಮ ಪೆಟ್ಟಿಗೆಯಿಂದಲೇ ವಿಡಿಯೋ ಇಳಿಸಿಕೊಳ್ಳಬೇಕು. ನನ್ನ ಗಂಡ ನಕ್ಕರು.

"ಅದು ಇಂಜಿನಿಯರ್ ಮಂದಿ ಕೆಲಸ. ನೀ ಏನ್ ಮಾಡ್ತಿ?"

"ಕ್ಯಾಮೆರಾನೂ ಗಂಡಸರ ಕೆಲಸ ಅಂತಿದ್ರು," ಅಂದೆ.

ನಾಲ್ಕು ಹಾರ್ಡ್‌ಡಿಸ್ಕ್ ಹಿಡಿಯುವ ಕಪ್ಪು ಪೆಟ್ಟಿಗೆ ತರಿಸಿದೆವು. ಅಲ್ಲಿಂದ ಒಂದು ತಿಂಗಳು ನನಗೆ ಅದರದೇ ಹುಚ್ಚು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಸರ್ವರಿನ ಪಾಠ ನೋಡುವುದು, ಮಧ್ಯಾಹ್ನ ಕರೆಂಟು ಇದ್ದಷ್ಟು ಹೊತ್ತು ಅದನ್ನು ಮಾಡಿ ನೋಡುವುದು. ಮೊದಲು ಮನೆಯೊಳಗೆ ಕೆಲಸ ಮಾಡಿತು, ಹೊರಗಿನಿಂದ ತೆರೆಯಲಿಲ್ಲ. ಇಂಟರ್ನೆಟ್ ಕಂಪನಿಯವ ಬಂದು, "ನಿಮ್ಮ ಲೈನಿಗೆ ಖಾಯಂ ಅಡ್ರೆಸ್ಸ ಇಲ್ರೀ ಮೇಡಂ. ಓಣಿ ಮಂದಿಗೆಲ್ಲಾ ಒಂದ ಅಡ್ರೆಸ್ಸು. ಹೊರಗಿನವ್ರು ನಿಮ್ಮ ಬಾಗಿಲು ಹೆಂಗ ಹುಡುಕ್ತಾರ?" ಅಂದ. ಖಾಯಂ ವಿಳಾಸಕ್ಕೆ ಅರ್ಜಿ ಹಾಕಿದೆ. ಅದು ಬರುವವರೆಗೆ ದಿನಕ್ಕೆ ಎರಡು ಸಲ ಅವನಿಗೆ ಫೋನು. ಆಮೇಲೆ ಪಕ್ಕದ ಅಕ್ಕಿ ಗಿರಣಿಯ ತೌಡಿನ ಧೂಳು ಪೆಟ್ಟಿಗೆಯ ಫ್ಯಾನಿಗೆ ಸಿಕ್ಕಿ ಅದು ಬಿಸಿಯಾಗತೊಡಗಿತು. ಅದನ್ನು ಒಳಕೋಣೆಗೆ ಸಾಗಿಸಿದೆ. ನಾನು ಹಿಂದೆಂದೂ ಒಂದು ಯಂತ್ರವನ್ನು ಇಷ್ಟು ಸಲ ಮುಟ್ಟಿ ನೋಡಿದ್ದಿಲ್ಲ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಕೊನೆಗೂ ಒಂದು ದಿನ ನನ್ನ ಗಂಡ ಮಸ್ಕಿಯಿಂದ ಫೋನು ಮಾಡಿ, "ಬಂತು ನೋಡು, ಇಲ್ಲೇ ಚಾದಂಗಡ್ಯಾಗ ಕುಂತು ನೋಡಾಕತ್ತೀನಿ," ಅಂದರು. ನನಗೆ ಅಳು ಬರುವಷ್ಟು ಖುಷಿಯಾಯಿತು. ಆ ವರ್ಷದ ಮದುವೆಗಳನ್ನೆಲ್ಲ ಒಂದೊಂದು ಫೋಲ್ಡರಿನಲ್ಲಿ ಜೋಡಿಸಿ ಪೆಟ್ಟಿಗೆಗೆ ತುಂಬಿದೆ.

ಮೊದಲ ಲಿಂಕು ಹೋದದ್ದು ಪಾಮನಕಲ್ಲೂರಿನ ಒಬ್ಬ ಹೆಡ್‌ಮಾಸ್ತರರಿಗೆ. ಕೆಲಸದಿಂದ ನಿವೃತ್ತರಾದವರು, ಸಾವಕಾಶದ ಮನುಷ್ಯ. ಅವರ ಮಗಳ ಮದುವೆಯ ವಿಡಿಯೋ ನಾವೇ ಮಾಡಿದ್ದೆವು. ಲಿಂಕು ಕಳಿಸಿದ ಮೂರನೆಯ ದಿನ ಬೆಳಿಗ್ಗೆ ಅವರ ಫೋನು ಬಂತು. ಮೊದಲು ನಮ್ಮ ಕ್ಷೇಮ ಕೇಳಿದರು. ಆಮೇಲೆ ಮೆತ್ತಗೆ ಹೇಳಿದರು.

"ಮೇಡಮ್ಮಾರ, ನಮ್ಮ ಮಗಳ ಮದುವಿ ಚಂದ ಬಂದೈತ್ರಿ. ಆದ್ರ ಮ್ಯಾಲ ಒಂದು ಬಾಣದ ಗುರ್ತು ಐತಲ್ರೀ, ಅದನ್ನ ಒತ್ತಿದ್ರ ಬ್ಯಾರೇರ ಮದುವಿಗಳೂ ಬರಾಕತ್ಯಾವು. ನಿಮಗ ಗೊತ್ತಿರ್ಲಿ ಅಂತ ಹೇಳ್ದೆ."

ನಾನು ಫೋನು ಇಡಲಿಲ್ಲ, ಕೈಯಲ್ಲಿ ಹಿಡಿದೇ ಒಳಕೋಣೆಗೆ ಓಡಿದೆ. ಪೆಟ್ಟಿಗೆಯ ಇಂಟರ್ನೆಟ್ ವೈರು ಕಿತ್ತೆ. ನಾನು ಹೊರಬಾಗಿಲಿಗೆ ಬೀಗ ಹಾಕಿ, ಒಳಗಿನ ಕೋಣೆಗಳಿಗೆ ಬೀಗ ಹಾಕುವುದನ್ನು ಮರೆತಿದ್ದೆ. ಒಂದು ಪಾಸ್‌ವರ್ಡು ಇದ್ದವರು ಯಾರ ಕೋಣೆಗೆ ಬೇಕಾದರೂ ಹೋಗಬಹುದಿತ್ತು. ತಪ್ಪು ಯಂತ್ರದ್ದಲ್ಲ, ಕಂಪನಿಯದಲ್ಲ. ನನ್ನದು.

ಯಾರು ಯಾವ ಫೈಲು ತೆರೆದರು ಎಂದು ಪೆಟ್ಟಿಗೆ ಬರೆದಿಟ್ಟುಕೊಳ್ಳುತ್ತದೆ. ನೋಡಿದೆ. ಆ ಮೂರು ದಿನ ಮಾಸ್ತರರನ್ನು ಬಿಟ್ಟು ಮತ್ತಾರೂ ಬಂದಿರಲಿಲ್ಲ. ಅವರು ತಮ್ಮದಲ್ಲದ ಒಂದೇ ಒಂದು ಫೈಲು ತೆರೆದಿದ್ದರು, ಸುಮಾರು ನಲವತ್ತು ಸೆಕೆಂಡು. ಅದು ಲಿಂಗಸುಗೂರಿನ ಬಟ್ಟೆ ವ್ಯಾಪಾರಿಯೊಬ್ಬರ ಮನೆಯ ಹಳದಿ ಕಾರ್ಯ.

ಮಾಸ್ತರರಿಗೆ ತಿರುಗಿ ಫೋನು ಹಚ್ಚಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ.

"ಹೌದ್ರೀ, ಒಂದು ತೆಗದೆ. ನಮ್ದ ಅಂತ ತಿಳ್ಕೊಂಡು. ಹೆಣ್ಮಕ್ಕಳು ಕುಣ್ಯಾಕತ್ತಿದ್ರು. ನಾ ಒಬ್ಬನ ಇದ್ದಿಲ್ರೀ, ಟೀವಿಗೆ ಹಚ್ಚಿದ್ವಿ. ಬೀಗರು ಬಂದಿದ್ರು, ಎಲ್ಲಾರೂ ಕುಂತಿದ್ರು. ನಮ್ಮವ್ರಲ್ಲ ಅಂತ ಗೊತ್ತಾಗೂದ್ರಾಗ ಅಷ್ಟು ಹೊತ್ತಾತು."

ನಾನು ಆ ಫೈಲಿನ ಮೊದಲ ನಲವತ್ತು ಸೆಕೆಂಡು ಹಾಕಿ ನೋಡಿದೆ. ಮದುಮಗಳಲ್ಲ, ಅವಳ ತಾಯಿ. ಐವತ್ತರ ಹತ್ತಿರದ ಹೆಂಗಸು, ತಲೆ ಮೇಲಿನ ದುಪಟ್ಟಾ ತೆಗೆದು ಸೊಂಟಕ್ಕೆ ಬಿಗಿದು, ಢೋಲಕ್ಕಿನ ತಾಳಕ್ಕೆ ಕೈ ಮೇಲೆತ್ತಿ ಕುಣಿಯುತ್ತಿದ್ದರು. ಅಂದು ಕುಣಿಯುವ ಮೊದಲು ಅವರು ಬಾಗಿಲ ಚಿಲಕವನ್ನು ಎರಡು ಸಲ ನೋಡಿ ಬಂದದ್ದು ನನಗೆ ನೆನಪಿತ್ತು.

"ಯಾರಿಗೂ ಗೊತ್ತಾಗಿಲ್ಲ," ಅಂದರು ನನ್ನ ಗಂಡ. "ಮಾಸ್ತರು ಯಾರ ಮುಂದನೂ ಹೇಳೂ ಪೈಕಿ ಅಲ್ಲ. ಸರಿ ಮಾಡು, ಬಿಟ್ಟುಬಿಡು. ಲಿಂಗಸುಗೂರಿಗೆ ಹೋಗಿ ಹೇಳಿದ್ರ ಅವ್ರಿಗೆ ಸುಮ್ನ ಸಂಕಟ."

ಅದೂ ನಿಜವೇ ಇರಬಹುದು. ಎರಡು ದಿನ ಹಾಗೇ ಅಂದುಕೊಂಡು ನೋಡಿದೆ. ಸಾಲಗುಂದದಲ್ಲಿ ಒಂದು ಸೀಮಂತಕ್ಕೆ ಹೋದವಳು ಫೋಕಸ್ ಹಿಡಿಯುವುದನ್ನೇ ಮರೆತು, ಬಳೆ ತೊಡಿಸುವ ಹೊತ್ತಿನ ಫೋಟೋಗಳೆಲ್ಲ ಮಸುಕಾದವು. ನನ್ನೆದುರು ಕೂತ ಪ್ರತಿ ಹೆಂಗಸೂ ನನ್ನನ್ನು ನಂಬಿ ನಗುತ್ತಿದ್ದಾಳೆ ಅನ್ನಿಸಿತು. ಮರುದಿನ ಬೆಳಿಗ್ಗೆ ಗಂಡನಿಗೆ ಹೇಳಿ ಲಿಂಗಸುಗೂರಿನ ಬಸ್ಸು ಹತ್ತಿದೆ.

ಮಸ್ಕಿಯವರೆಗೆ ಧೈರ್ಯವಾಗಿಯೇ ಇದ್ದೆ. ಅಲ್ಲಿ ಬಸ್ಸು ನಿಂತಾಗ ಯಾಕೋ ಇಳಿದುಬಿಟ್ಟೆ. ಚಹಾ ಕುಡಿದೆ. ಆಚೆ ಸಿಂಧನೂರಿಗೆ ಹೊರಟ ಬಸ್ಸೊಂದು ನಿಂತಿತ್ತು. ಹೋಗಿ ಅದರಲ್ಲಿ ಕೂತೆ. ಕಂಡಕ್ಟರು ಬಂದು "ಎಲ್ಲಿಗ್ರೀ ಅಕ್ಕಾರ?" ಎಂದಾಗ ನನ್ನ ಬಾಯಿಂದ "ಲಿಂಗಸುಗೂರು" ಎಂದೇ ಬಂತು.

"ಇದು ಸಿಂಧನೂರು ಗಾಡಿ. ಇಳೀರಿ, ಇಳೀರಿ, ಲಿಂಗಸುಗೂರ್ದು ಆಚಿ ಕಡಿ ಬರತೈತಿ."

ಇಳಿದೆ. ಮುಂದಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹೊರಗೆ ಏನಿತ್ತೋ ಒಂದೂ ನೋಡಲಿಲ್ಲ. ಮಾತುಗಳನ್ನು ಜೋಡಿಸಿದೆ, ಮುರಿದೆ, ಮತ್ತೆ ಜೋಡಿಸಿದೆ.

ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಆ ಹೊತ್ತಿಗೆ ಗಂಡಸರು ಅಂಗಡಿಗೆ ಹೋಗಿದ್ದರು. ಮದುಮಗಳ ತಾಯಿ ಬಾಗಿಲು ತೆರೆದರು. ಅವರ ಅತ್ತೆ, ತೀರ ವಯಸ್ಸಾದವರು, ಮಂಚದ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ನೀರು ಬಂತು, ತಿನ್ನಲು ಮಂಡಕ್ಕಿ ಸುಸಲಾ ಮಾಡುತ್ತೇನೆಂದು ತಾಯಿ ಎದ್ದರು. ನಾನು ಅವರ ಕೈ ಹಿಡಿದು ಕೂರಿಸಿ, ಜೋಡಿಸಿಟ್ಟ ಮಾತೆಲ್ಲ ಬಿಟ್ಟು ನೇರವಾಗಿ ಹೇಳಿದೆ. ಎಲ್ಲಿ ತಪ್ಪಿದೆ, ಎಷ್ಟು ಹೊತ್ತು, ಯಾವ ಊರು, ಎಷ್ಟು ಮಂದಿ.

ಅವರು ಕೇಳಿದ್ದು ಒಂದೇ. "ಅದ್ರಾಗ ಯಾರಿದ್ರು?"

"ನೀವ ರೀ."

ಅವರು ತಲೆ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಬಂತು. ಬಹಳ ಹೊತ್ತು ನೀರು ಹರಿಯುತ್ತಲೇ ಇತ್ತು. ನಾನು ಎದ್ದು ಹೋಗಲೋ ಕೂರಲೋ ತಿಳಿಯದೆ ಚಾಪೆಯ ಅಂಚಿನಲ್ಲಿ ಕೂತಿದ್ದೆ.

"ನನಗ ತೋರ್ಸು ಬೇಟಿ," ಅಂದರು ಅಜ್ಜಿ.

ಕೇಳಿದರೆ ತೋರಿಸಲೆಂದು ಫೋನಿಗೆ ಹಾಕಿಕೊಂಡು ಬಂದಿದ್ದ ಅಷ್ಟು ಭಾಗ ತೋರಿಸಿದೆ. ಅವರು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ಇಷ್ಟ ಏನು?" ಅಂದರು. ಆಮೇಲೆ ತಮ್ಮಷ್ಟಕ್ಕೆ, "ಅಕಿ ಈ ಮನಿಗೆ ಬಂದು ಮೂವತ್ತು ವರ್ಸಾತು. ನಾ ಅಕಿನ ಹಿಂಗ ಕಂಡದ್ದು ಅದೊಂದ ದಿನ," ಅಂದರು.

ತಾಯಿ ಮುಖ ತೊಳೆದುಕೊಂಡು ಹೊರಗೆ ಬಂದರು. "ಆ ಮಾಸ್ತರ ಮನಿಗೆ ಫೋನ್ ಹಚ್ಚು. ಅವ್ರ ಕೂಡ ಬ್ಯಾಡ. ಅವ್ರ ಮನಿಯವ್ರ ಕೈಯಾಗ ಕೊಡಾಕ ಹೇಳು."

ಹಚ್ಚಿದೆ. ಮಾಸ್ತರರ ಹೆಂಡತಿ ಬಂದರು. ನಾನು ಸ್ಪೀಕರಿಗೆ ಹಾಕಿ ಫೋನನ್ನು ಚಾಪೆಯ ಮೇಲಿಟ್ಟೆ.

"ನೀವೂ ನೋಡಿದ್ರೇನ್ರೀ?" ಎಂದು ತಾಯಿ ಕೇಳಿದರು.

"ನೋಡಿದೆ ತಾಯಿ. ಸುಳ್ಳು ಹೇಳಾಂಗಿಲ್ಲ. ಗಂಡಸರಿಗೆ ರಿಮೋಟು ಸಿಗಲಿಲ್ಲ. ನಾನ ಎದ್ದು ಹೋಗಿ ಟೀವಿ ಸ್ವಿಚ್ಚು ತೆಗದೆ."

"ಮಂದಿ ಏನಂದ್ರು?"

"ಏನೂ ಅನ್ನಲಿಲ್ಲ. ಯಾರೋ ಬ್ಯಾರೇರು ಅಂದ್ರು, ಊಟಕ್ಕ ಎದ್ರು. ನಿಮ್ಮ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಮಗಳ ಮದುವ್ಯಾಗ ನಾ ಅಡಿಗಿ ಮನಿ ಬಿಟ್ಟು ಹೊರಗ ಬಂದದ್ದ ಇಲ್ಲ. ನಿಮ್ಮನ್ನ ನೋಡಿ ನನಗೂ ಆಸಿ ಆತು."

ತಾಯಿಯ ಬಿಗಿದಿದ್ದ ಭುಜ ಇಳಿಯಿತು. "ಊಟಾತೇನ್ರೀ?" ಎಂದು ಕೇಳಿ, ಎರಡು ಮಾತಾಡಿ, ಫೋನು ನನ್ನ ಕಡೆ ಸರಿಸಿದರು.

ನನ್ನ ಮೇಲಿನ ಸಿಟ್ಟು ಅಷ್ಟಕ್ಕೇ ಹೋಗಲಿಲ್ಲ. "ನೀ ಬಂದು ಹೇಳಿದಿ, ಛಲೋ ಮಾಡಿದಿ. ಹೇಳಿದ್ದಕ್ಕ ಮಾಫ್ ಆತು ಅಂತ ತಿಳ್ಕೋಬ್ಯಾಡ," ಅಂದರು. "ನಿನ್ನ ಪೆಟ್ಟಿಗ್ಯಾಗಿಂದ ನಮ್ದು ಎಲ್ಲಾ ತೆಗಿ. ಒಂದು ತುಣುಕೂ ಇರಬಾರ್ದು. ನನ್ನ ಕೈಯಾಗ ತಂದು ಕೊಡು. ಅವ್ರಿಗೆ ನಾ ಹೇಳ್ತೀನಿ, ನೀ ಹೇಳಬ್ಯಾಡ." ಅವರಿಗೆ ಎಂದರೆ ಗಂಡನಿಗೆ.

ಒಂದು ವಾರದೊಳಗೆ ಅವರದೆಲ್ಲ ಬೇರೆ ಡಿಸ್ಕಿಗೆ ಇಳಿಸಿ, ಪೆಟ್ಟಿಗೆಯಿಂದಲೂ ಫೋನಿನಿಂದಲೂ ಅಳಿಸಿ, ಆ ಡಿಸ್ಕನ್ನು ನಾನೇ ಕೊಟ್ಟು ಬಂದೆ. ಉಳಿದ ಮನೆಗಳಿಗೂ ಒಂದೊಂದಾಗಿ ಫೋನು ಮಾಡಿ, ಮೂರು ದಿನ ಬಾಗಿಲು ತೆರೆದಿತ್ತು, ನಿಮ್ಮದನ್ನು ಯಾರೂ ನೋಡಿಲ್ಲ ಎಂದು ಹೇಳಿದೆ. ಕೆಲವರು ಬೈದರು. ಒಬ್ಬರು ತಮ್ಮ ಮನೆಯ ಮುಂದಿನ ಕೆಲಸ ಬೇರೆಯವರಿಗೆ ಕೊಟ್ಟರು. ದಢೇಸುಗೂರಿನ ಒಬ್ಬ ಯಜಮಾನರು ಪೂರ್ತಿ ಕೇಳಿ, "ಹಂಗಾರ ನಮ್ದು ಲಿಂಕ್ ಯಾವಾಗ ಕಳಸ್ತೀರಿ?" ಅಂದರು.

ಪೆಟ್ಟಿಗೆಯನ್ನು ಮೊದಲಿನಿಂದ ಕಟ್ಟಿದೆ. ಒಂದು ಮನೆಗೆ ಒಂದೇ ಖಾತೆ, ಒಂದೇ ಪಾಸ್‌ವರ್ಡು, ಹದಿನೈದು ದಿನಕ್ಕೆ ತಾನೇ ಮುಚ್ಚುವ ಲಿಂಕು. ನನ್ನ ಗಂಡನನ್ನು ಮತ್ತೆ ಮಸ್ಕಿಗೆ ಕಳಿಸಿ, "ಕಳ್ಳನಂಗ ಪ್ರಯತ್ನ ಮಾಡ್ರಿ, ಕಂಡದ್ದೆಲ್ಲಾ ಒತ್ತಿ ನೋಡ್ರಿ," ಅಂದೆ. ಅವರು ಅರ್ಧ ದಿನ ಒತ್ತಿದರು. ಒಳಗೆ ಹೋಗಲಾಗಲಿಲ್ಲ. ಪಾಮನಕಲ್ಲೂರಿನ ಮಾಸ್ತರರೂ ತಾವಾಗಿ ಹೊಸ ಲಿಂಕು ಕೇಳಿ ಇಸಿದುಕೊಂಡು ಎರಡು ದಿನ ಪರೀಕ್ಷೆ ಮಾಡಿ, "ಈಗ ಪಾಸ್," ಎಂದರು. ಹಾಗಿದ್ದರೂ ಲಿಂಕು ಕಳಿಸುವ ಮುನ್ನ ನಾನು ಇವತ್ತಿಗೂ ಮೂರು ಸಲ ತೆಗೆದು ನೋಡುತ್ತೇನೆ. ಊಟದ ನಡುವೆ ಎದ್ದು ಹೋಗಿ ನೋಡಿದ್ದೂ ಉಂಟು.

ಚಳಿಗಾಲದಲ್ಲಿ ಲಿಂಗಸುಗೂರಿನಿಂದ ಫೋನು ಬಂತು. ಎರಡನೆಯ ಮಗಳ ಮದುವೆ. ತಾಯಿಯೇ ಮಾತಾಡಿದರು.

"ಬಾ. ಆದ್ರ ಕ್ಯಾಮೆರಾದಾಗಿನ ಕಾರ್ಡು ನನ್ನ ಕೈಯಾಗ ಇರಬೇಕು. ಎಡಿಟಿಂಗ್ ನಮ್ಮನ್ಯಾಗ ಕುಂತು ಮಾಡು."

ಒಪ್ಪಿದೆ. ಹಳದಿಯ ದಿನ ಬಾಗಿಲು ಹಾಕಿದರು, ಢೋಲಕ್ ಬಂತು, ಹುಡುಗಿಯರು ಕುಣಿದರು. ತಾಯಿ ಮಾತ್ರ ಗೋಡೆಗೊರಗಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಯಾರು ಎಳೆದರೂ ಏಳಲಿಲ್ಲ. ಅವರ ಕಣ್ಣು ಮತ್ತೆ ಮತ್ತೆ ನನ್ನ ಕ್ಯಾಮೆರಾದ ಕಡೆ ಬರುತ್ತಿತ್ತು.

ನಾನು ಕಾರ್ಡು ತೆಗೆದು ಅವರ ಅಂಗೈಯಲ್ಲಿಟ್ಟೆ. ಕ್ಯಾಮೆರಾವನ್ನು ಚೀಲದಲ್ಲಿ ಹಾಕಿ, "ನನ್ನ ಕೆಲಸ ಆತ್ರಿ, ಊಟ ಮಾಡಿ ಬರ್ತೀನಿ," ಎಂದು ಹೊರಗೆ ಬಂದೆ. ಅಜ್ಜಿ ನನ್ನ ಹಿಂದೆಯೇ ಚಿಲಕ ಹಾಕಿಸಿದರು.

ಪಡಸಾಲೆಯಲ್ಲಿ ಬಿರಿಯಾನಿಯ ತಟ್ಟೆ ಹಿಡಿದು ಕೂತೆ. ಒಳಗೆ ಢೋಲಕ್ಕಿನ ಪೆಟ್ಟು ಜೋರಾಯಿತು. ಹುಡುಗಿಯರೆಲ್ಲ ಒಮ್ಮೆಲೇ ಕೂಗಿದರು, ನಗು ಶುರುವಾಯಿತು. ಅಜ್ಜಿಯ ಒಡಕು ದನಿ ಎಲ್ಲಕ್ಕಿಂತ ಮೇಲೆ ಕೇಳಿಸಿತು. ಒಳಗೆ ಯಾರು ಕುಣಿಯಲು ಎದ್ದಿದ್ದಾರೆ ಎಂದು ನನಗೆ ಗೊತ್ತಿತ್ತು. ತಟ್ಟೆ ಕೆಳಗಿಟ್ಟು, ಒಳಗೆ ಹೋಗಿ ನೋಡಲೆಂದು ಎರಡು ಸಲ ಎದ್ದೆ, ಎರಡು ಸಲವೂ ಕೂತೆ. ಆಮೇಲೆ ಅನ್ನ ಕಲಸಿ ತಿಂದೆ.