ಕಾಕಾನ ವಿಲೋಮ ಅನುಪಾತ

ನಮ್ಮ ಮನೆತನದಲ್ಲಿ ಗಣಿತ ಅಂದರೆ ಕಾಕಾ. ಅಪ್ಪನ ತಮ್ಮನಾದ ಈತ ಭಾಲ್ಕಿಯ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರ. ಅಪ್ಪನದು ಔರಾದಿನಲ್ಲಿ ಕಿರಾಣಿ ಅಂಗಡಿ. ಅಂಗಡಿಯ ಹೊಸ್ತಿಲು ದಾಟಿದ ಯಾವ ವಿಷಯ ಬಂದರೂ ಅಪ್ಪ, "ತಮ್ಮ ಏನಂತಾನ ಕೇಳೋಣ" ಎನ್ನುತ್ತಿದ್ದ. ತಮ್ಮನಿಗೆ ಅನ್ನಲು ಏನೂ ಇಲ್ಲದ ವಿಷಯವನ್ನು ನಾನಂತೂ ಕಂಡಿಲ್ಲ.

ಪಿಯುಸಿ ಓದಲು ನಾನು ಭಾಲ್ಕಿಯಲ್ಲಿ ಅವನ ಮನೆಯಲ್ಲೇ ಇದ್ದೆ. ಕಾಕಾನ ಲೋಕದಲ್ಲಿ ಇದ್ದದ್ದು ಎರಡೇ ಸಂಗತಿ. ಒಂದು ಹೆಚ್ಚಾದಂತೆ ಇನ್ನೊಂದೂ ಹೆಚ್ಚಾದರೆ ನೇರ ಅನುಪಾತ. ಒಂದು ಏರಿ ಇನ್ನೊಂದು ಇಳಿದರೆ ವಿಲೋಮ. ಮುಂಜಾನೆಯ ಚಹಾದ ಜೊತೆಗೂ ಇದನ್ನೇ ಕುಡಿಸುತ್ತಿದ್ದ. ಮಗು ಬೆಳೆದಂತೆ ಚಪ್ಪಲಿ ಬೆಳೆಯುತ್ತದೆ, ನೇರ. ಅವನ ಹೆಂಡತಿ, ನಮ್ಮ ಕಾಕು, ಹೆಚ್ಚು ಮಾತಾಡಿದರೆ ಅವನಿಗೆ ಹಸಿವು ಕಡಿಮೆಯಂತೆ, ವಿಲೋಮ. ಅಚ್ಚುಮೆಚ್ಚಿನ ಉದಾಹರಣೆ ಔರಾದಿನಿಂದ ಬೀದರಿಗೆ ಹೋಗುವ ಬಸ್ಸು. "ದಾಟಿದ ದಾರಿ ಹೆಚ್ಚಾದಂಗ ಉಳಿದ ದಾರಿ ಕಡಿಮಿ. ವಿಲೋಮ ಅಂದ್ರ ಇದೇ ನೋಡವಾ." ಭಾಲ್ಕಿಯ ಎಷ್ಟು ಮಕ್ಕಳನ್ನು ಆ ಬಸ್ಸಿಗೆ ಹತ್ತಿಸಿದನೋ ದೇವರೇ ಬಲ್ಲ.

ನಾನೂ ಹತ್ತಿದ್ದೆ. ಇಳಿಸಿದವರು ಕಾಲೇಜಿನ ಗಣಿತದ ಮೇಡಂ. "ಏರೋದು ಇಳಿಯೋದು ನೋಡಿ ವಿಲೋಮ ಅನಬ್ಯಾಡ್ರಿ. ಎರಡನ್ನೂ ಗುಣಿಸಿ ನೋಡ್ರಿ. ಪ್ರತಿ ಸಲ ಗುಣಲಬ್ಧ ಅದೇ ಬರಬೇಕು. ಒಂದು ಇಮ್ಮಡಿ ಆದ್ರ ಇನ್ನೊಂದು ಅರ್ಧ ಆಗ್ಲೇಬೇಕು" ಎಂದರು. ಮುಂದೊಮ್ಮೆ ಬೀದರಿಗೆ ಹೋಗುವಾಗ ಬಸ್ಸಿನಲ್ಲೇ ಪರೀಕ್ಷಿಸಿದೆ. ಅರ್ಧ ದಾರಿ ದಾಟಿದಾಗ ಅರ್ಧ ಉಳಿದಿತ್ತು. ದಾಟಿದ್ದು ಇಮ್ಮಡಿಯಾದರೆ ಉಳಿದದ್ದು ಅರ್ಧಕ್ಕೆ ಇಳಿದು, ಕಾಲು ದಾರಿಯಾದರೂ ಬಾಕಿ ಇರಬೇಕು. ಇಲ್ಲಿ ನೋಡಿದರೆ ಬಸ್ಸು ಬೀದರ ಸ್ಟ್ಯಾಂಡಿನಲ್ಲಿ ನಿಂತಿದೆ, ಕಂಡಕ್ಟರ್ ಎಲ್ಲರನ್ನೂ ಇಳಿಸುತ್ತಿದ್ದಾನೆ. ಈ ಲೆಕ್ಕದಲ್ಲಿ ಬದಲಾಗದೆ ಇರುವುದು ಮೊತ್ತ, ಗುಣಲಬ್ಧವಲ್ಲ. ಹೋಗಿ ಹೇಳಿದ್ದಕ್ಕೆ ಕಾಕಾ, "ಕುಣಿಲಾಕ ಬರದಾಕಿ ನೆಲ ಡೊಂಕ ಅಂದಳಂತ" ಎಂದು ಪೇಪರು ಬಿಚ್ಚಿಕೊಂಡ.

ಪಿಯುಸಿ ಎರಡನೇ ವರ್ಷದ ಎಳ್ಳ ಅಮಾವಾಸ್ಯೆಗೆ ಎಲ್ಲರೂ ಔರಾದಿನ ಹೊಲದಲ್ಲಿ ಸೇರಿದೆವು. ಚರಗ ಚೆಲ್ಲಿ, ಭೂಮಿತಾಯಿಗೆ ಅವಳ ಪಾಲು ಕೊಟ್ಟು, ಜೋಳದ ಮಗ್ಗುಲಲ್ಲಿ ಕಂಬಳಿ ಹಾಸಿ ಕಾಳು-ಸೊಪ್ಪು ಕುದಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಉಣ್ಣಲು ಕುಳಿತೆವು. ಬಡಿಸುತ್ತಿದ್ದವಳು ಅತ್ತಿ. ಅಪ್ಪ, ಕಾಕಾ ಇಬ್ಬರಿಗೂ ಅಕ್ಕ. ಹುಟ್ಟಿದ ಮನೆಯಲ್ಲೇ ಉಳಿದವಳು.

ನನಗೆ ಬೀದರಿನಲ್ಲಿ ಬಿಎಸ್ಸಿ ಓದಬೇಕಿತ್ತು. ಅದಕ್ಕೆ ಅಪ್ಪನ ಒಪ್ಪಿಗೆ ಬೇಕು, ಅಂದರೆ ಕಾಕಾನ ಒಪ್ಪಿಗೆ. ಅಪ್ಪ ವಿಷಯ ಎತ್ತಿದ್ದೇ ತಡ, ಕಾಕಾ ಬಾಯಿಯ ತುತ್ತನ್ನೂ ನುಂಗದೆ ಶುರುಮಾಡಿದ. "ಬ್ಯಾಡಣ್ಣಾ. ಹುಡಗೀರ ಓದು ಹೆಚ್ಚಾದಂಗ ವರ ಕಡಿಮಿ. ವಿಲೋಮ ಅನುಪಾತ. ನಾ ಹೇಳೂದಲ್ಲ, ಗಣಿತ ಹೇಳ್ತದ."

ಅಪ್ಪ ತಲೆ ಆಡಿಸಿದ. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯ ನನ್ನ ಕಾಲೇಜನ್ನು ಭಜ್ಜಿಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದ.

"ಹಂಗಂದ್ರ ಗುಣಲಬ್ಧ ಒಂದೇ ಇರಬೇಕಲ್ರಿ ಕಾಕಾ" ಎಂದೆ. "ಓದು ಅರ್ಧ ಆದ್ರ ವರ ಇಮ್ಮಡಿ. ಕಾಲು ಆದ್ರ ನಾಕ್ಪಟ್ಟು. ಒಂದನೇ ಇಯತ್ತೆಗೇ ಸಾಲಿ ಬಿಟ್ಟಾಕಿ ಮನಿ ಮುಂದ ವರಗೋಳು ಭಾಲ್ಕಿ ತನಕ ಪಾಳಿ ಹಚ್ಚಿರಬೇಕು. ಎಲ್ಲದ್ರಿ ಆ ಪಾಳಿ?"

ಕಾಕು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಪ್ಪನಿಗೂ ನಗು ತಡೆಯಲಾಗಲಿಲ್ಲ. "ಬಾಯಿ ಬಾಳ ಆಗ್ಯದ ಈಕಿದು" ಎಂದು ಕಾಕಾ ರೊಟ್ಟಿ ಮುರಿದ.

ಅತ್ತಿ ನಗಲಿಲ್ಲ. ಸೌಟನ್ನು ಅಂಬಲಿಯ ಗಡಿಗೆಯಲ್ಲೇ ಬಿಟ್ಟು ಕಾಕಾನ ಎದುರಿಗೆ ಬಂದು ಕುಳಿತಳು.

"ನನಗ ಒಂದು ದಿನಾನೂ ಸಾಲಿಗಿ ಕಳಸಲಿಲ್ಲ. ಓದಿದ್ರ ಯಾರೂ ಮಾಡ್ಕೊಳ್ಳಲ್ಲ ಅಂತ ನಮ್ಮಪ್ಪ ಇದೇ ಮಾತು ಅಂದಿದ್ದ. ನಿನಗ ಪಾಟಿ ತಂದ, ನನಗ ಎಮ್ಮಿ ಹಗ್ಗ ಕೊಟ್ಟ. ಯಾವ ವರ ಬಂದ, ಹೇಳು ತಮ್ಮಾ. ನೀ ಲೆಕ್ಕದ ಮಾಸ್ತರ ಇದ್ದಿ."

ಕಾಕಾ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಾಟಿನಲ್ಲಿಟ್ಟ. ಗೆದ್ದೆನೆಂದು ಹಿಗ್ಗಬೇಕಾದ ನಾನು ಎದ್ದು, ಅತ್ತಿ ಬಿಟ್ಟ ಸೌಟು ಹಿಡಿದು ಅಂಬಲಿ ಬಡಿಸತೊಡಗಿದೆ.

ಅಪ್ಪ ಈ ಸಲ ಕಾಕಾನನ್ನು ಏನೂ ಕೇಳಲಿಲ್ಲ. ಅತ್ತಿಯ ಕಡೆ ತಿರುಗಿ, "ಅಕ್ಕಾ, ಬೀದರದ ಮೈಲೂರದಾಗ ಈಕಿಗೊಂದು ಖೋಲಿ ನೋಡ್ಲಾಕ ಹೋಗಬೇಕಾಗ್ತದ. ನೀನೂ ಬರ್ತಿ ಏನು?" ಎಂದ.

"ಬರ್ತೇನಿ" ಎಂದಳು ಅತ್ತಿ. "ಬೀದರದಾಗ ನಾ ದವಾಖಾನಿ ಬಿಟ್ಟು ಏನೂ ನೋಡಿಲ್ಲ."